ಇಸ್ತ್ರಿಯಕ್ಕ ಟ್ಯಾಬ್ ಆರಿಸಿದ ದಿನ

ಟ್ಯಾಬ್ ಕೊಳ್ಳಲು ಬಂದವರು ಮೊದಲು ಏನು ಕೇಳುತ್ತಾರೋ ಅದರಲ್ಲೇ ಅವರ ಜಾತಕ ನನಗೆ ಸಿಕ್ಕಿಬಿಡುತ್ತದೆ. ‘ರ‍್ಯಾಮ್ ಎಷ್ಟು?’ ಎಂದವರು ಮನೆಯಲ್ಲಿ ಅಳಿಯನಿಂದ ಪಾಠ ಹೇಳಿಸಿಕೊಂಡು ಬಂದವರು. ‘ಕಡೆ ರೇಟು ಹೇಳಿ’ ಎಂದವರು ಕೊಳ್ಳುವವರು. ‘ಇದಕ್ಕಿಂತ ಚೆನ್ನಾಗಿರೋದು ಯಾವುದು?’ ಎಂದು ಮೂರು ಸಲ ಕೇಳಿದವರು ಫ್ಯಾನಿನ ಕೆಳಗೆ ಬೆವರು ಆರಿಸಿಕೊಂಡು ಹೋಗುವವರು. ಹನ್ನೊಂದು ವರ್ಷದಿಂದ ಈ ಅಂದಾಜು ತಪ್ಪಿರಲಿಲ್ಲ. ಆದರೆ ಇಸ್ತ್ರಿಯಕ್ಕ ಬಂದು, “ಇದನ್ನ ಅರ್ಧ ಗಂಟೆ ಆಡಿಸಿ ಇಡಿ ಅಣ್ಣಾ, ಮುಟ್ಟಿ ನೋಡ್ಬೇಕು” ಎಂದಾಗ ಅವಳನ್ನು ಯಾವ ಸಾಲಿಗೆ ಸೇರಿಸುವುದೆಂದು ನನಗೆ ತಿಳಿಯಲಿಲ್ಲ.

ಇಸ್ತ್ರಿಯಕ್ಕನ ಅಂಗಡಿ ನನ್ನ ಅಂಗಡಿಯಿಂದ ಎರಡು ಬಾಗಿಲು ಆಚೆ, ಮೆಟ್ಟಿಲ ಕೆಳಗೆ. ಒಂದು ಮೇಜು, ಅದರ ಮೇಲೆ ನಾಲ್ಕು ಮಡಿಕೆ ಕಂಬಳಿ, ಗೋಡೆಗೆ ಹೊಡೆದ ಮೊಳೆಗಳಲ್ಲಿ ಹ್ಯಾಂಗರುಗಳು, ಇಷ್ಟಕ್ಕೇ ಜಾಗ ಮುಗಿಯಿತು. ತಿರುಗಬೇಕಾದರೆ ಅವಳು ಮೊದಲು ಇಸ್ತ್ರಿಪೆಟ್ಟಿಗೆಯನ್ನು ಕೆಳಗಿಡಬೇಕು. ಅದರ ಬಿಸಿ ಹೆಚ್ಚುಕಡಿಮೆ ಮಾಡುವ ಗುಂಡಿ ಕೆಟ್ಟು ಎಷ್ಟೋ ವರ್ಷವಾಗಿದೆ. ರಿಪೇರಿ ಮಾಡಿಸು ಎಂದರೆ, “ಗುಂಡಿ ನಂಬ್ಕೊಂಡು ಇಸ್ತ್ರಿ ಮಾಡೋರು ಬೇರೆ ಇದಾರೆ” ಎನ್ನುತ್ತಾಳೆ. ಪೆಟ್ಟಿಗೆಯನ್ನು ಕೆನ್ನೆಯಿಂದ ನಾಲ್ಕು ಬೆರಳು ದೂರ ಹಿಡಿಯುತ್ತಾಳೆ, ಒಂದು ಕ್ಷಣ ಕಣ್ಣು ಮುಚ್ಚುತ್ತಾಳೆ, ಆಮೇಲೆ ಬಟ್ಟೆಯ ಮೇಲೆ ಇಡುತ್ತಾಳೆ. ಇಪ್ಪತ್ತೆರಡು ವರ್ಷದಲ್ಲಿ ಒಬ್ಬರ ಬಟ್ಟೆಯನ್ನೂ ಸುಟ್ಟಿಲ್ಲ. ನಾಲಿಗೆಯಿಂದ ಮಾತ್ರ ಬೀದಿಯನ್ನೆಲ್ಲ ಸುಟ್ಟಿದ್ದಾಳೆ. ಯಾರು ದಪ್ಪಗಾದರು, ಯಾರ ಕೆಲಸ ಹೋಯಿತು ಎಂಬುದೆಲ್ಲ ಬಟ್ಟೆ ನೋಡಿಯೇ ಅವಳಿಗೆ ಗೊತ್ತು. ನನ್ನ ಗಿರಾಕಿಗಳು ತುಂಬಿದ್ದಾಗಲೇ ಬಾಗಿಲಲ್ಲಿ ನಿಂತು, “ಅಣ್ಣಾ, ಈ ಪ್ಯಾಂಟಿನ ಸೊಂಟ ಎರಡನೇ ಸಲ ಬಿಚ್ಚಿಸಿದೀರಿ, ಇನ್ನು ಬಿಚ್ಚೋಕೆ ಬಟ್ಟೆ ಉಳಿದಿಲ್ಲ” ಎಂದವಳು.

ಅವಳ ಗಂಡ ಎತ್ತರದ ಕಟ್ಟಡಗಳಿಗೆ ಬಣ್ಣ ಬಳಿಯುತ್ತಿದ್ದವನು. ಆರು ವರ್ಷದ ಹಿಂದೆ ನಾಲ್ಕನೇ ಮಹಡಿಯಲ್ಲಿ ನಿಂತು ಬಳಿಯಲು ಕಟ್ಟಿದ್ದ ಸಾರುವೆ ಮೇಲಿಂದ ಬಿದ್ದ. ಬದುಕಿದ್ದೇ ಹೆಚ್ಚು, ಕಾಲು ಹೋಯಿತು ಎಂದು ಬೀದಿ ಮಾತಾಡಿಕೊಂಡಿತ್ತು. ‘ಕಾಲು ಹೋಯಿತು’ ಎಂದರೆ ನಡೆಯಲಾಗದು ಎಂದಷ್ಟೇ ನಾನು ತಿಳಿದಿದ್ದೆ. ಅದರಾಚೆ ಯೋಚಿಸುವ ಕಷ್ಟ ತೆಗೆದುಕೊಂಡಿರಲಿಲ್ಲ.

ಆ ದಿನ ಬೆಳಿಗ್ಗೆ ಹನ್ನೊಂದಕ್ಕೆ ಮೆಟ್ಟಿಲ ಕೆಳಗಿನ ಬಾಗಿಲು ಹಾಕಿಕೊಂಡೇ ಬಂದಳು. ಟ್ಯಾಬ್ ಗಂಡನಿಗೆ: ಗೇಮ್ ಆಡಬೇಕು, ವಿಡಿಯೋ ನೋಡಬೇಕು, ಇಂಟರ್ನೆಟ್ಟಿನಲ್ಲಿ ಹುಡುಕಾಡಬೇಕು, ಬೆಲೆ ಮಾತ್ರ ಕೈಗೆಟುಕಬೇಕು. ಇಷ್ಟು ದಿನ ಗಂಡ ಅವಳ ಫೋನನ್ನೇ ಹಿಡಿದು ಕೂತಿರುತ್ತಿದ್ದನಂತೆ. ಬಟ್ಟೆ ಕೊಟ್ಟವರು ಫೋನ್ ಮಾಡಿದರೆ ಅವನೇ ಎತ್ತಿ, ‘ಈಗ ಆಗಲ್ಲ, ರೇಸ್ ನಡೀತಿದೆ’ ಎಂದು ಇಟ್ಟುಬಿಡುತ್ತಿದ್ದನಂತೆ.

ಇಂಥವರಿಗೆಂದೇ ನಾನು ಮುಂದಿನ ಕಪಾಟಿನಲ್ಲಿ ಒಂದನ್ನು ಇಟ್ಟಿರುತ್ತೇನೆ. ದೊಡ್ಡ ಪರದೆ, ಲೋಹದ ಬೆನ್ನು, ಓಟದಲ್ಲಿ ಚುರುಕು, ನನಗೂ ನಾಲ್ಕು ಕಾಸು ಹೆಚ್ಚು ಉಳಿಯುವಂಥದ್ದು.

“ಈ ರೇಟಿಗೆ ಇದರಪ್ಪನಂಥದ್ದೂ ಸಿಗಲ್ಲ, ಕಣ್ಣು ಮುಚ್ಚಿ ತಗೋ” ಎಂದೆ.

“ಕಣ್ಣು ಮುಚ್ಕೊಂಡೇ ನೋಡ್ತೀನಿ. ಕಾರ್ ಗೇಮ್ ಹಾಕಿ.”

ಹಾಕಿದೆ. ಅವಳು ಸ್ಟೂಲಿನ ಮೇಲೆ ಕೂತು ಗಡಿಯಾರ ನೋಡುತ್ತಿದ್ದಳು. ಪರದೆಯ ಕಡೆ ತಿರುಗಿಯೂ ನೋಡಲಿಲ್ಲ. ಅರ್ಧ ಗಂಟೆ ನಾನೇ ಕಾರು ಓಡಿಸಿದೆ. ಆಮೇಲೆ ಟ್ಯಾಬನ್ನು ಕಿತ್ತುಕೊಂಡು ಮಗುಚಿ ಮಣಿಕಟ್ಟಿನ ಒಳಗಡೆಗೆ ಒತ್ತಿದಳು, ಕೆನ್ನೆಗೆ ಇಟ್ಟುಕೊಂಡಳು, ಬೆನ್ನಿನ ಉದ್ದಕ್ಕೂ ಮೆಲ್ಲಗೆ ಜರುಗಿಸಿದಳು. ಕ್ಯಾಮೆರಾದ ಕೆಳಗೆ ಬಂದಾಗ ನಿಲ್ಲಿಸಿ, “ಇಲ್ಲಿ. ಇದು ಬೇಡ” ಎಂದಳು.

ಎರಡನೆಯದೂ ಬೇಡವಾಯಿತು. ಮೂರನೆಯದು ಪ್ಲಾಸ್ಟಿಕ್ ಬೆನ್ನಿನದು. ಅದನ್ನು ಕೆನ್ನೆಗಿಟ್ಟು, ಪರವಾಗಿಲ್ಲ ಎಂದು ತಲೆದೂಗಿದಳು. ಅಬ್ಬಾ ಎಂದುಕೊಳ್ಳುವಷ್ಟರಲ್ಲಿ, “ಈಗ ಚಾರ್ಜಿಗೆ ಹಾಕಿ ಆಡಿಸಿ” ಎಂದಳು.

“ಅಕ್ಕಾ, ನೀನು ಟ್ಯಾಬ್ ತಗೊಳ್ಳೋಕೆ ಬಂದ್ಯೋ ಅದಕ್ಕೆ ಜ್ವರ ನೋಡೋಕೆ ಬಂದ್ಯೋ? ಬೇಕಾದ್ರೆ ಥರ್ಮಾಮೀಟರ್ ತರಿಸ್ತೀನಿ.”

ಅವಳು ನಗಲಿಲ್ಲ. ಬೀದಿಯನ್ನೆಲ್ಲ ಆಡಿಕೊಳ್ಳುವವಳು ನನ್ನ ಮಾತಿಗೆ ತಿರುಗೇಟು ಕೊಡದೇ ಇದ್ದದ್ದು ಅದೇ ಮೊದಲು. ಚಾರ್ಜಿನಲ್ಲಿ ಇಪ್ಪತ್ತು ನಿಮಿಷ ಓಡಿದ ಮೇಲೆ ಅದರ ಒಂದು ಮೂಲೆಯನ್ನು ನನ್ನ ಮಣಿಕಟ್ಟಿಗೇ ಒತ್ತಿದಳು. ನಾನು ಕೈ ಹಿಂದಕ್ಕೆ ಎಳೆದುಕೊಂಡೆ.

“ಎಳ್ಕೊಂಡ್ರಲ್ಲಾ?” ಎಂದಳು. “ನಮ್ಮನೆಯವ್ರು ಎಳ್ಕೊಳ್ಳಲ್ಲ.”

“ಯಾಕೆ?”

“ಗೊತ್ತಾಗಲ್ಲ. ಸೊಂಟದಿಂದ ಕೆಳಗೆ ಬಿಸಿನೂ ಇಲ್ಲ, ತಣ್ಣಗೂ ಇಲ್ಲ, ಸೂಜಿ ಚುಚ್ಚಿದ್ರೂ ಇಲ್ಲ.”

ಆಮೇಲೆ ಹೇಳಿದಳು, ಬೇರೆ ಯಾರದೋ ಮನೆಯ ಸುದ್ದಿ ಎನ್ನುವ ಹಾಗೆ. ಎರಡು ವರ್ಷದ ಹಿಂದೆ ಒಂದು ಕಂಪನಿಯ ಕಾವಲುಗಾರರ ಕೋಟುಗಳು ಇಸ್ತ್ರಿಗೆ ಬಂದಿದ್ದವು. ಹನ್ನೆರಡು ಕೋಟು, ಎಲ್ಲಕ್ಕೂ ಹಿತ್ತಾಳೆ ಗುಂಡಿ. ಕೆಲಸ ಅವಸರದ್ದು. ಮನೆಗೇ ಒಯ್ದು, ಮಂಚದ ಪಕ್ಕ ಮೇಜು ಹಾಕಿ ಇಸ್ತ್ರಿ ಮಾಡುತ್ತಿದ್ದಳು. “ನಾನು ಮಡಚ್ತೀನಿ ಕೊಡೇ, ಕೈ ಇನ್ನೂ ನನ್ನದೇ ಅಲ್ವಾ” ಎಂದು ಗಂಡ ಹೇಳಿದ. ಅವಳು ಪೆಟ್ಟಿಗೆಯಡಿಯಿಂದ ತೆಗೆದ ಕೋಟನ್ನು ಹಾಗೆಯೇ ಅವನ ತೊಡೆಯ ಮೇಲೆ ಹಾಕಿದಳು. ಬಟ್ಟೆಯ ಬಿಸಿ ಬೇಗ ಆರುತ್ತದೆ, ಹಿತ್ತಾಳೆಯದು ಆರುವುದಿಲ್ಲ. ಅವನು ಏನೋ ತಮಾಷೆ ಹೇಳುತ್ತಾ ಹನ್ನೆರಡನ್ನೂ ನಿಧಾನವಾಗಿ ಮಡಚಿದ. ಇಬ್ಬರೂ ನಕ್ಕರು. ಸಂಜೆ ಮೈ ಒರೆಸುವಾಗ ನೋಡಿದರೆ ತೊಡೆಯ ಮೇಲೆ ಒಂದೇ ಸಾಲಿನಲ್ಲಿ ಆರು ಗುಂಡನೆಯ ಬೊಬ್ಬೆ.

“ಗುಂಡಿ ಹೊಲಿದ ಹಾಗೇ ಇತ್ತು ಅಣ್ಣಾ. ವಾಸಿಯಾಗೋಕೆ ಐದು ತಿಂಗಳು ಬೇಕಾಯ್ತು. ಇನ್ನೊಂದು ಸಲ ಹಂಗಾದ್ರೆ ಕಾಲೇ ತೆಗೀಬೇಕಾಗತ್ತೆ ಅಂದಿದಾರೆ ಡಾಕ್ಟ್ರು. ಒಬ್ಬರ ಬಟ್ಟೆನೂ ಸುಟ್ಟೋಳಲ್ಲ ನಾನು.”

ಥರ್ಮಾಮೀಟರಿನ ಮಾತು ಇನ್ನೂ ಅಂಗಡಿಯಲ್ಲೇ ಸುತ್ತುತ್ತಿದ್ದಂತೆ ಅನಿಸಿತು. ಮಣಿಕಟ್ಟು ಉಜ್ಜಿಕೊಳ್ಳುತ್ತಾ ಕಪಾಟಿನ ಕಡೆ ನೋಡಿದೆ. ಇದೇ ಮೂರನೆಯದನ್ನು ನಾನು ಎಷ್ಟು ಜನಕ್ಕೆ ಮಾರಿದ್ದೆನೋ! ಯಾರೂ ದೂರು ತಂದಿರಲಿಲ್ಲ, ಏಕೆಂದರೆ ಬಿಸಿಯಾದರೆ ಜನ ಕೈ ಬದಲಾಯಿಸುತ್ತಾರೆ, ಅಷ್ಟೇ.

ನಾಲ್ಕನೆಯದು ನಾನಾಗಿ ಯಾರಿಗೂ ತೋರಿಸದಂಥದ್ದು. ದಪ್ಪ ಪ್ಲಾಸ್ಟಿಕ್, ಸೋಮಾರಿ. ವಿಡಿಯೋ ಸರಾಗ, ಇಂಟರ್ನೆಟ್ಟೂ ಪರವಾಗಿಲ್ಲ. ಚಾರ್ಜಿಗೆ ಹಾಕಿ ಎಷ್ಟು ಹೊತ್ತು ಓಡಿಸಿದರೂ ಬೆನ್ನು ತಣ್ಣಗೇ ಇತ್ತು. ಅವಳು ಅದನ್ನು ಕೆನ್ನೆಗಿಟ್ಟುಕೊಂಡು ಒಂದು ನಿಮಿಷ ಹಾಗೇ ನಿಂತಳು. ಆದರೆ ಕಾರ್ ಗೇಮ್ ಮಾತ್ರ ಅದರಲ್ಲಿ ಕಾರು ತಳ್ಳಿಕೊಂಡು ಹೋದ ಹಾಗೆ ನಡೆಯಿತು.

ಅವಳ ಮುಖ ಸಪ್ಪಗಾಯಿತು. ದಿನಾ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವನ ಹಳೇ ಜೊತೆಗಾರರು ಮೂವರು, ಅದೇ ಸಾರುವೆ ಮೇಲೆ ಅವನ ಜೊತೆ ನಿಂತು ಬಣ್ಣ ಬಳಿದವರು, ಫೋನಿನಲ್ಲಿ ಅವನ ಜೊತೆ ರೇಸ್ ಆಡುತ್ತಾರಂತೆ. ಮನೆಗೆ ಬಂದು ನೋಡಿಕೊಂಡು ಹೋಗುವುದು ಮೊದಲ ವರ್ಷಕ್ಕೇ ನಿಂತಿತ್ತು. ಉಳಿದದ್ದು ಈ ಮುಕ್ಕಾಲು ಗಂಟೆಯ ಕೂಗಾಟ ಒಂದೇ.

“ಆ ಹೊತ್ತಲ್ಲಿ ಮಾತ್ರ ಇವ್ರು ಮೊದಲಿನ ಥರ ಬೈತಾರೆ ಅಣ್ಣಾ. ಈ ನಿಧಾನದ್ದು ಕೊಟ್ರೆ ಅದೂ ಹೋಗತ್ತೆ.”

ನನಗೆ ಒಂದು ಉಪಾಯ ಹೊಳೆಯಿತು. ಮಂಚದ ಮೇಲೆ ನಿಲ್ಲುವ ಸ್ಟ್ಯಾಂಡ್. ಟ್ಯಾಬ್ ಅದರಲ್ಲಿ ಕೂತರೆ ಮೈಗೆ ತಾಗುವುದೇ ಇಲ್ಲ. ಅದೂ ನನ್ನಲ್ಲೇ ಇತ್ತು, ಒಂದರ ಜೊತೆ ಇನ್ನೊಂದೂ ಮಾರಾಟವಾಗುತ್ತಿತ್ತು.

“ಸ್ಟ್ಯಾಂಡಲ್ಲಿ ಇರ್ಬೇಕಲ್ಲ? ಅವ್ರು ಇರಿಸಲ್ಲ” ಎಂದಳು.

“ಅಷ್ಟೂ ಜ್ಞಾನ ಇರಲ್ವಾ ಅವರಿಗೆ?”

“ಬಂದು ನೋಡಿ.”

ವ್ಯಾಪಾರಕ್ಕೆಂದು ಗಿರಾಕಿಯ ಮನೆಗೆ ಹೋದವನಲ್ಲ ನಾನು. ಅಂದು ಮಧ್ಯಾಹ್ನ ಶಟರ್ ಎಳೆದು, ಚುರುಕಿನದು, ಸೋಮಾರಿಯದು, ಸ್ಟ್ಯಾಂಡು ಮೂರನ್ನೂ ಚೀಲಕ್ಕೆ ಹಾಕಿಕೊಂಡು ಹೊರಟೆ. ಸ್ಟ್ಯಾಂಡಿನ ವಿಷಯ ಹೇಳಲು ಅಕ್ಕ ಮುಂಚೆಯೇ ಮನೆಗೆ ಹೋಗಿದ್ದಳು.

ಒಂದೇ ಕೋಣೆ. ಕಿಟಕಿ ಪಕ್ಕ ಮಂಚ, ಎದ್ದು ಕೂರಲು ತೊಲೆಯಿಂದ ಇಳಿಬಿಟ್ಟ ಹಗ್ಗ, ಗೋಡೆಗೆ ನಾಲ್ಕು ಬಣ್ಣ. ಉಳಿದ ಡಬ್ಬಗಳನ್ನು ತಂದು ಹಿಂದೆ ಅವನೇ ಬಳಿದದ್ದಂತೆ. ಅವನು ಹಗ್ಗ ಹಿಡಿದು ಎದ್ದು ಕೂತ.

“ಬನ್ನಿ ಸಾಹುಕಾರ್ರೇ! ಇವಳು ಟ್ಯಾಬಿಗೂ ನೀರು ಚಿಮುಕಿಸಿ ನೋಡಿದ್ಲಾ?”

“ಅದೊಂದು ಬಾಕಿ” ಎಂದೆ.

“ಇವಳ ಮಾತು ಕಟ್ಕೋಬೇಡಿ. ಸ್ಟ್ಯಾಂಡ್ ಹಾಕಿ ಕೊಡಿ, ನಾನೇನು ಮಗುನಾ? ಒಂದು ಸಲ ಸುಟ್ಕೊಂಡ್ರೆ ಬುದ್ಧಿ ಬರಲ್ವಾ ಮನುಷ್ಯನಿಗೆ?”

ನನಗೂ ಅದೇ ಸರಿ ಅನಿಸಿತು. ಚುರುಕಿನದು ಮಾರಾಟವಾಗುವುದಿದ್ದರೆ ನನಗೆ ಎಲ್ಲವೂ ಬೇಗ ಸರಿ ಅನಿಸುತ್ತದೆ. ಸ್ಟ್ಯಾಂಡ್ ನಿಲ್ಲಿಸಿ, ಟ್ಯಾಬ್ ಕೂರಿಸಿ, ಚಾರ್ಜರ್ ಸಿಕ್ಕಿಸಿದೆ. ಅಕ್ಕ ಮೂಲೆಯಲ್ಲಿ ಬಟ್ಟೆ ಮಡಚುತ್ತಾ ಕೂತಳು. ಮಂಚದ ಮೇಲಿಟ್ಟ ಅಕ್ಕನ ಫೋನಿನಲ್ಲಿ ಜೊತೆಗಾರರು ಒಬ್ಬೊಬ್ಬರಾಗಿ ಬಂದು ಸೇರಿಕೊಂಡರು, ಕೋಣೆಯ ತುಂಬ ಅವರ ಧ್ವನಿ. ಕುಳ್ಳ ಎಂಬವನೊಬ್ಬ ಮೊದಲ ತಿರುವಿನಲ್ಲೇ ಇವನ ಕಾರಿಗೆ ಗುದ್ದಿದ.

“ಲೇ ಕುಳ್ಳ, ಗೋಡೆ ಬಿಟ್ಟು ಕಿಟಕಿಗೆ ಬಣ್ಣ ಹೊಡೆದೋನು ನೀನು, ನಿನಗ್ಯಾರೋ ಲೈಸೆನ್ಸ್ ಕೊಟ್ಟಿದ್ದು?”

“ನೀನು ಮುಂದೆ ನೋಡ್ಕೊಂಡು ಹೊಡಿ ಮಾರಾಯ!”

ಮೊದಲ ರೇಸ್ ಮುಗಿಯಿತು, ಎರಡನೆಯದೂ ಮುಗಿಯಿತು. ಟ್ಯಾಬ್ ಸ್ಟ್ಯಾಂಡಿನಲ್ಲೇ ಇತ್ತು. ನಾನು ಗೆದ್ದೆ ಎಂಬಂತೆ ಅಕ್ಕನ ಕಡೆ ನೋಡಿದೆ. ಮೂರನೆಯದರ ನಡುವೆ ಕುಳ್ಳ ಮುಂದಕ್ಕೆ ನುಗ್ಗಿದ. ಇವನು ಬೈಯುತ್ತಲೇ ಎರಡೂ ಕೈಯಿಂದ ಟ್ಯಾಬನ್ನು ಸ್ಟ್ಯಾಂಡಿನಿಂದ ಎತ್ತಿ, ತಿರುವಿಗೆ ತಕ್ಕಂತೆ ವಾಲಿಸಿ, ತೊಡೆಯ ಮೇಲೆ ಊರಿಕೊಂಡ.

ಕೂಗಲು ಬಾಯಿ ತೆರೆದೆ. ಅಕ್ಕ ತಲೆ ಅಲ್ಲಾಡಿಸಿ ಬೇಡವೆಂದಳು. ಎದ್ದು ಬಂದಳು. ಟ್ಯಾಬಿಗೂ ತೊಡೆಗೂ ನಡುವೆ ತನ್ನ ಅಂಗೈ ತೂರಿಸಿ ಮಂಚದ ಅಂಚಿಗೆ ಕೂತಳು. ಅವನಿಗೆ ಗೊತ್ತೇ ಆಗಲಿಲ್ಲ. ಹೆಂಡತಿಯ ಕೈ ತೊಡೆಯ ಮೇಲಿತ್ತು, ಅದರ ಮೇಲೆ ಟ್ಯಾಬ್ ಕಾಯುತ್ತಿತ್ತು, ಅವನು ಕುಳ್ಳನನ್ನು ಹಿಂದೆ ಹಾಕುತ್ತಿದ್ದ. ಆ ರೇಸು ಎಷ್ಟು ಉದ್ದವಿತ್ತೋ ನನಗೆ ಗೊತ್ತಿಲ್ಲ. ನಾನು ನೋಡುತ್ತಿದ್ದದ್ದು ಅವಳ ಮುಖವನ್ನು. ಹುಬ್ಬೂ ಕದಲಲಿಲ್ಲ.

“ಹೊಡೆದೆ!” ಎಂದು ಕೂಗಿ ಅವನು ತಲೆ ಎತ್ತಿದ. ಪಕ್ಕದಲ್ಲಿ ಕೂತವಳನ್ನು ನೋಡಿದ, ಕೆಳಗೆ ನೋಡಿದ. ನಗು ಹಾಗೇ ಮುಖದ ಮೇಲೆ ಉಳಿದಿತ್ತು, ಬಣ್ಣ ಮಾತ್ರ ಇಳಿಯಿತು.

“ಇದು... ಯಾವಾಗ ಇಟ್ಕೊಂಡೆ ನಾನು?”

“ಆಗ್ಲೇ.”

“ನಿನ್ನ ಕೈ?”

“ಅದೂ ಆಗ್ಲೇ.”

ಅವನು ಟ್ಯಾಬನ್ನು ಬೆಂಕಿ ಎತ್ತುವವನಂತೆ ಎತ್ತಿ ನನ್ನ ಕಡೆ ಚಾಚಿದ. ಅವಳ ಅಂಗೈಯನ್ನು ಮಗುಚಿ ನೋಡಿದ. ಕೆಂಪಗಾಗಿತ್ತು, ಅಷ್ಟೇ. ಫೋನಿನ ಆಚೆಯಿಂದ ಕುಳ್ಳ, “ಎಲ್ಲಿ ಸತ್ತೋದ್ಯೋ? ಇನ್ನೊಂದು ಆಟ ಹಾಕು” ಎನ್ನುತ್ತಿದ್ದ.

“ನಾನು ಆಣೆ ಮಾಡಿದ್ದೆ ಸಾಹುಕಾರ್ರೇ,” ಎಂದ ಕೊನೆಗೆ, “ನೀವು ಬರೋಕೆ ಮುಂಚೆ. ತೊಡೆ ಮೇಲೆ ಇಡೋದೇ ಇಲ್ಲ ಅಂತ ಇವಳ ತಲೆ ಮುಟ್ಟಿ ಆಣೆ ಮಾಡಿದ್ದೆ.”

ಅಕ್ಕ ಸೆರಗಿನ ಅಂಚಿಗೆ ಅಂಗೈ ಒರೆಸಿಕೊಂಡಳು.

“ಆ ನಿಧಾನದ್ದು ತನ್ನಿ.”

“ಅದರಲ್ಲಿ ರೇಸ್ ಓಡಲ್ಲ” ಎಂದು ನಾನು ಹೇಳಿದೆ. ವ್ಯಾಪಾರ ಬಿಟ್ಟು ನಿಜ ಹೇಳುವುದು ಕೆಲವೊಮ್ಮೆ ಹೀಗೆ ತಾನಾಗಿ ಬಂದುಬಿಡುತ್ತದೆ.

“ಏನು ಓಡತ್ತೆ?”

ಹುಡುಕಿದೆವು. ಎರಡು ಆಟ ನಡುವೆಯೇ ನಿಂತುಹೋದವು, ಒಂದು ತೆರೆಯಲೇ ಇಲ್ಲ. ಲೂಡೋ ಓಡಿತು. ದಾಳ ಉರುಳಲು ಕೊಂಚ ಹೊತ್ತು ಹಿಡಿಯಿತು, ಆದರೂ ಉರುಳಿತು. ಅವನು ಪರದೆಯನ್ನು ತುಂಬ ಹೊತ್ತು ನೋಡಿದ. ಅದು ತೊಡೆಯ ಮೇಲೆಯೇ ಇತ್ತು. ಅಕ್ಕ ಎರಡು ಸಲ ಕೈಯಿಟ್ಟು ನೋಡಿ ಸುಮ್ಮನಾದಳು. ಆಮೇಲೆ ಅವನು ಹೆಂಡತಿಯ ಫೋನ್ ತೆಗೆದುಕೊಂಡು ಜೊತೆಗಾರರಿಗೆ ಹೇಳಿದ.

“ಲೇ, ಇವತ್ತಿಂದ ನನಗೆ ಕಾರಾಗಲ್ಲ. ಲೂಡೋ ಆದ್ರೆ ಬನ್ನಿ. ಬರದಿದ್ರೆ... ಬರದಿದ್ರೆ ಏನ್ಮಾಡ್ಲಿ, ಬಿಡಿ.”

ಆಚೆ ಕಡೆ ಎಲ್ಲೋ ಬಕೆಟ್ಟು ಎಳೆದ ಸದ್ದು, ಯಾರೋ ಕೆಮ್ಮಿದ್ದು ಕೇಳಿಸಿತು. ಅವನು ಫೋನನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಅಕ್ಕ ಮಡಚುತ್ತಿದ್ದ ಅಂಗಿ ಅರ್ಧಕ್ಕೇ ನಿಂತಿತ್ತು.

“ಲೂಡೋನಾ?” ಎಂದ ಕುಳ್ಳ. “ಮೂರು ಜನ ಗಂಡಸರು ಸಾರುವೆ ಮೇಲೆ ಕೂತ್ಕೊಂಡು ಲೂಡೋ ಆಡ್ಬೇಕಾ?”

“ಹೂಂ.”

“ಮೇಸ್ತ್ರಿ ನೋಡಿದ್ರೆ ಕೆಲಸದಿಂದ ತೆಗೀತಾನೆ.”

“ಹೂಂ.”

“ಸರಿ, ಹಾಕು. ಕೆಂಪು ನಂದು.”

“ಕೆಂಪು ನಂದು ಕಣೋ!” ಎಂದು ಅವನು ಎಷ್ಟು ಜೋರಾಗಿ ಕೂಗಿದನೆಂದರೆ ಪಕ್ಕದ ಮನೆಯವರು ಗೋಡೆ ಬಡಿದರು.