ಮಾಲೂರಲ್ಲಿ ಇಳಿದ ಮೇಲೆ ಪಿಳ್ಳಪ್ಪ

ಬೆಂಗಳೂರಿಂದ ಬರುವ ಸಂಜೆ ರೈಲಿನಲ್ಲಿ ನಮ್ಮ ಡಬ್ಬಿಗೆ ಪಿಳ್ಳಪ್ಪನೇ ಯಜಮಾನ. ಬಸುರಿಯರಿಗೆ ಸೀಟು ಬಿಡಿಸುವವನು, ಇಸ್ಪೀಟಿನ ಜಗಳ ತೀರಿಸುವವನು, ರೈಲು ನಿಂತರೆ ಗಾರ್ಡಿಗೇ ಬುದ್ಧಿ ಹೇಳುವವನು ಅವನೇ. ಎಲ್ಲರ ಬುತ್ತಿಗೂ ಕೈ ಹಾಕುತ್ತಾನೆ, ಯಾರೂ ಬೇಡ ಎನ್ನುವುದಿಲ್ಲ. ಮಾಲೂರಲ್ಲಿ ಇಳಿದವನು ಮಾತ್ರ ನೇರ ಬ್ರಾಂದಿ ಅಂಗಡಿಗೆ ನಡೆಯುತ್ತಾನೆ. "ಕುಡೀದೆ ನಮ್ಮೂರೊಳಕ್ಕೆ ಕಾಲೇ ಹೋಗಲ್ಲ ಕಣಣ್ಣ" ಎನ್ನುತ್ತಾನೆ. ಊರ ಹೋಟೆಲಿನಲ್ಲಿ ಅವನ ದಲಿತ ಕಾಲೋನಿಯವರಿಗೆ ಟೀ ಕೊಡುವುದು ಪ್ಲಾಸ್ಟಿಕ್ ಕಪ್ಪಿನಲ್ಲಿ, ಅದೂ ಹೊರಗೆ. ತೂರಾಡುತ್ತಾ ಅದರ ಮುಂದೆ ನಿಂತು, "ಲೇ, ನಂಗೂ ಗಾಜಿನ ಲೋಟದಲ್ಲೇ ಕೊಡ್ರೋ!" ಎಂದು ದಿನವೂ ಕೂಗುತ್ತಾನೆ. ಒಳಗಿನವರು ಹೊಟ್ಟೆ ಹಿಡಿದು ನಗುತ್ತಾರೆ. ಒಮ್ಮೆ ಹೆಂಡತಿ ಮುನಿಲಕ್ಷ್ಮಿ ಆಣೆ ಹಾಕಿಸಿ ಕುಡಿತ ಬಿಡಿಸಿದ್ದಳು. ಆಗ ಒಂದು ಸಂಜೆ ಅದೇ ಹೋಟೆಲಿಗೆ ಹೋಗಿ, ಅದೇ ಮಾತನ್ನು ನೆಟ್ಟಗೆ ನಿಂತು ಮೆಲ್ಲಗೆ ಕೇಳಿದ. ಯಾರೂ ನಗಲಿಲ್ಲ. ಬಡಿದು, ಕೈ ಮುರಿದು, ಅವನನ್ನು ಮೋರಿಗೆ ತಳ್ಳಿದರು. ಈಗ ಅಂಗಡಿ ಮುಚ್ಚಿರುವ ದಿನ ಮುನಿಲಕ್ಷ್ಮಿಯೇ ಎಲ್ಲಿಂದಲೋ ಕ್ವಾರ್ಟರ್ ಹೊಂದಿಸಿಕೊಂಡು ಸ್ಟೇಷನ್ನಿಗೆ ಬರುತ್ತಾಳೆ. "ಏನಮ್ಮಾ, ನೀನೇ ಕುಡಿಸ್ತೀಯಾ?" ಎಂದು ಒಂದು ದಿನ ನಾನು ಕೇಳಿದೆ. ಅವಳು ಸೆರಗಿನಿಂದ ಬಾಟಲಿ ತೆಗೆದು ಅವನ ಕೈಗಿಟ್ಟು ಹೇಳಿದಳು: "ಕುಡಿದೋನು ಕೇಳಿದ್ರೆ ನಗ್ತಾರಣ್ಣ. ಕುಡೀದೆ ಕೇಳಿದ್ರೆ ಈ ಸಲ ಸಾಯಿಸ್ಬಿಡ್ತಾರೆ."