ಓಬಯ್ಯನ ಕೈಗುಣ

ಹಿರೇಗುಂಟನೂರಿನ ಓಬಯ್ಯ ಆಸ್ಪತ್ರೆಯಿಂದ ಬಂದ ಮೇಲೆ ಮೊದಲು ಬೆಲೆ ಕಟ್ಟಿದ್ದು ಸ್ವಂತ ಬೀಗರಿಗೆ. ಕುರಿದೊಡ್ಡಿಯ ಪಕ್ಕ ಕಂಬಳಿ ಹೊದ್ದು ಕುಕ್ಕರಗಾಲಲ್ಲಿ ಕೂತಿದ್ದ ತಿಪ್ಪಯ್ಯನವರ ಬೆನ್ನನ್ನು ಕುತ್ತಿಗೆಯಿಂದ ಸೊಂಟದವರೆಗೆ ಒತ್ತಿ, "ಬರೀ ಎಲುಬು. ನಾಕು ಸಾವ್ರದ ಮ್ಯಾಲೆ ಬ್ಯಾಡ" ಎಂದ.

"ನಾನ್ರಿ ಬೀಗ್ರೆ," ಎಂದರು ತಿಪ್ಪಯ್ಯ. "ಮಗಳನ್ನ ಕೊಟ್ಟ ಮನೆ ಅಂತಾದ್ರೂ ಒಂದೈನೂರು ಏರಿಸ್ರಿ."

ಸುತ್ತ ಇದ್ದವರು ನಕ್ಕರು. ಯಾರು ನಕ್ಕರೆಂದು ಓಬಯ್ಯನಿಗೆ ಕಾಣಲಿಲ್ಲ. ಕಾಣುವ ಹಾಗಿದ್ದರೆ ನಗುವ ಸಂಗತಿಯೇ ಇರುತ್ತಿರಲಿಲ್ಲ.

ಅವನ ಬೆನ್ನುನೋವಿಗೆ ದೊಡ್ಡ ಊರಿನ ಡಾಕ್ಟರು ಏಳು ಗಂಟೆ ಬೋರಲು ಮಲಗಿಸಿ, ಬೆನ್ನುಮೂಳೆಗೆ ಸ್ಕ್ರೂ ಕೂರಿಸಿದ್ದರು. ಎಚ್ಚರವಾದಾಗ ನೋವಿರಲಿಲ್ಲ, ಬೆಳಕೂ ಇರಲಿಲ್ಲ. ಕಣ್ಣಿನ ನರಕ್ಕೆ ರಕ್ತ ಸಾಲದೇ ಹೋಯಿತಂತೆ. ಸಾವಿರಾರು ಜನರಲ್ಲಿ ಒಬ್ಬರಿಗೆ ಆಗುವಂಥದ್ದು ಎಂದು ಡಾಕ್ಟರು ಬಹುಮಾನ ಬಂದವನಿಗೆ ಹೇಳುವ ದನಿಯಲ್ಲಿ ಹೇಳಿದರು. ದೃಷ್ಟಿಯಾಗಿದೆ ಎಂದರು ನೆಂಟರು. ದೃಷ್ಟಿ ಹೋಗಿದೆ ಎಂದಳು ಹೆಂಡತಿ ಕೆಂಚಕ್ಕ.

ಆದರೂ ಊರಿಗೆ ಧೈರ್ಯವಿತ್ತು. ಓಬಯ್ಯನ ಕಸುಬು ಕಣ್ಣಿನದಲ್ಲ, ಕೈಯದು. ಚಿತ್ರದುರ್ಗದಲ್ಲಿ ಮಟನ್ ಅಂಗಡಿ ಇಟ್ಟಿರುವ ಗೋವರ್ಧನನಿಗೆ ಇಪ್ಪತ್ತೆರಡು ವರ್ಷದಿಂದ ಅವನೇ ಕುರಿ ಆರಿಸಿಕೊಡುತ್ತಿದ್ದ. ಕುರಿಯ ಬೆನ್ನು ಒತ್ತಿ, ಕಣ್ಣು ಮುಚ್ಚಿ, ಇಷ್ಟು ಕೇಜಿ ಎಂದರೆ ತಕ್ಕಡಿ ಎದುರಾಡುತ್ತಿರಲಿಲ್ಲ.

"ಆವಾಗ್ಲೂ ಮುಚ್ಕಂಡೇ ಹೇಳ್ತಿದ್ದಲ್ಲ, ಈಗ ಹೋಗಿದ್ದೇನು?" ಎಂದು ಜನ ಸಮಾಧಾನ ಹೇಳಿದರು.

ಗೋವರ್ಧನ ಮಾತ್ರ ಹಿರಿಯೂರಿನ ಕುರಿ ಸಂತೆಯಲ್ಲಿ ಪರೀಕ್ಷೆ ಇಟ್ಟ. ಒಂದು ಟಗರನ್ನು ಎಳೆತಂದು ನಿಲ್ಲಿಸಿದ.

"ತೂಕ ಹೇಳು ಓಬಣ್ಣ. ಎರಡು ಕೇಜಿ ಆಕಡೆ ಈಕಡೆ ಆದ್ರೂ ಕೆಲ್ಸ ನಿಂದೇ. ಅದಕ್ಕಿಂತ ತಪ್ಪಿದ್ರೆ ಮನೇಲಿ ಕುಂತ್ಕ. ನಂದೇನು ಛತ್ರ ಅಲ್ಲ."

ಕೆಂಚಕ್ಕ ಗಂಡನ ಕೈಯನ್ನು ಟಗರಿನ ಬೆನ್ನ ಮೇಲಿಟ್ಟಳು. ಅರ್ಧ ಸಂತೆ ಬಂದು ನೆರೆಯಿತು. ಓಬಯ್ಯ ಒತ್ತಿದ. ಇನ್ನೊಮ್ಮೆ ಒತ್ತಿದ. ಟಗರು ಬೇಸತ್ತು ಹಿಕ್ಕೆ ಹಾಕಿತು.

"ಇಪ್ಪತ್ತೆಂಟು," ಎಂದ.

ತಕ್ಕಡಿ ನಲವತ್ತೊಂದು ತೋರಿಸಿತು.

ಹಿಂದಿನಿಂದ ಯಾರೋ ಸಿಳ್ಳೆ ಹಾಕಿದರು. ಕೆಂಚಕ್ಕ ಸೆರಗು ಬಾಯಿಗೊತ್ತಿಕೊಂಡಳು. ಗೋವರ್ಧನ ಓಬಯ್ಯನ ಬಲಗೈ ಹಿಡಿದು, ಕುರಿಯ ಗೊರಸು ನೋಡುವಂತೆ ತಿರುಗಿಸಿ ನೋಡಿದ.

"ಏನಾತಪ್ಪ ಈ ಕೈಗೆ? ಆಪರೇಷನ್ನಾಗೆ ಇದರ ನರಾನೂ ಹೋತಾ?"

"ಕೈಗೇನಾಗಿಲ್ಲ," ಎಂದ ಓಬಯ್ಯ. "ಮೊದ್ಲಿಂದ್ಲೂ ಕಣ್ಣಾಗೆ ನೋಡ್ಬಿಟ್ಟು ಆಮ್ಯಾಕೆ ಮುಚ್ತಿದ್ದೆ. ಒತ್ತೋದು ಮಾರೋರು ಹೆದ್ರಿ ರೇಟ್ ಇಳಿಸ್ಲಿ ಅಂತ."