ನಾನು ಓದದೆ ಬಿಟ್ಟ ಪುಟ

ಹೋದ ವಾರ ಯಾದಗಿರಿಯ ಬ್ಯಾಂಕಿನಲ್ಲಿ ನನ್ನ ಮುಂದೆ ನಿಂತಿದ್ದ ಮುದುಕಿಯೊಬ್ಬಳಿಗೆ ಹೆಬ್ಬೆಟ್ಟು ಒತ್ತಲು ಗುಮಾಸ್ತರು ಶಾಯಿಯ ಡಬ್ಬಿ ತೆರೆದು ಕೊಟ್ಟರು. ತಗಡಿನ ಮುಚ್ಚಳ ತೆರೆದದ್ದೇ ತಡ, ಆ ವಾಸನೆ ಬಂತು. ಸ್ವಲ್ಪ ಎಣ್ಣೆಯದು, ಸ್ವಲ್ಪ ಒದ್ದೆ ಬಟ್ಟೆಯದು... ನಾನು ಸಾಲು ಬಿಟ್ಟು ಹೊರಗೆ ಬಂದು ಬೇವಿನ ಗಿಡದ ಕೆಳಗೆ ನಿಂತೆ. ಹೋದ ಕೆಲಸ ಅಂದು ಆಗಲಿಲ್ಲ.

ಆ ವಾಸನೆ ಬಂದರೆ ನನಗೆ ಅಕ್ಕೋರು ನೆನಪಾಗುತ್ತಾರೆ. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸನ್ನು ಹಾಗೇ ಕರೆಯುವುದು. ಅವರಿಗೂ ಒಂದು ಹೆಸರಿತ್ತು. ಊರಲ್ಲಿ ಯಾರೂ ಅದನ್ನು ಹಿಡಿದು ಕರೆದದ್ದು ನಾನು ಕೇಳಿಲ್ಲ, ಈಗ ಇಲ್ಲಿ ಬರೆಯುವ ಯೋಗ್ಯತೆ ನನಗಿಲ್ಲ.

ಕುಳ್ಳಗಿದ್ದರು, ತೆಳ್ಳಗಿದ್ದರು. ಬಿಸಿಲಿರಲಿ ಮಳೆಯಿರಲಿ ಕಂಕುಳಲ್ಲಿ ಕಪ್ಪು ಛತ್ರಿ. ಮನೆಯಲ್ಲಿ ಬುದ್ಧನ ಒಂದು ಪಟ, ಒಂದು ಮಂಚ, ಗೋಡೆಯುದ್ದಕ್ಕೂ ಪುಸ್ತಕ. ಗಂಡ ತೀರಿಹೋಗಿ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ನಾನು ಎರಡನೇ ಇಯತ್ತೆಯಲ್ಲಿದ್ದಾಗ ಅವರು ನಮಗೆ ಓದಿಸುತ್ತಿದ್ದ ರೀತಿ ಹೀಗಿತ್ತು: ಪ್ರತಿ ಶಬ್ದದ ಕೆಳಗೂ ಬೆರಳಿಡಬೇಕು. ಕಷ್ಟದ ಶಬ್ದ ಬಂತೆಂದು ಹಾರಿಸಿದರೆ ನಮ್ಮ ಬೆರಳನ್ನು ಹಿಡಿದು ತಿರುಗಿ ಆ ಶಬ್ದದ ಮೇಲೇ ಇಡುತ್ತಿದ್ದರು. ಬೈಯುತ್ತಿರಲಿಲ್ಲ. ಬೆರಳನ್ನು ಮಾತ್ರ ಬಿಡುತ್ತಿರಲಿಲ್ಲ.

ನಿವೃತ್ತಿಯಾದ ಮೇಲೂ ಊರು ಬಿಟ್ಟು ಹೋಗಲಿಲ್ಲ. ಸಂಜೆಯ ಹೊತ್ತು ಶಾಲೆಯ ಪಡಸಾಲೆಯಲ್ಲಿ ಕೂಲಿಯಿಂದ ಬಂದ ಹೆಂಗಸರನ್ನು ಕೂಡಿಸಿಕೊಂಡು ಅಕ್ಷರ ಕೂಡಿಸುವುದನ್ನು, ಸಹಿ ಮಾಡುವುದನ್ನು ಕಲಿಸುತ್ತಿದ್ದರು. ನಮ್ಮವ್ವ ತನ್ನ ಹೆಸರು ಬರೆಯಲು ಕಲಿತದ್ದು ಅಲ್ಲೇ, ನಾನು ಕಲಬುರಗಿಯಲ್ಲಿ ಎಂ.ಎ. ಓದುತ್ತಿದ್ದ ವರ್ಷ.

ನಮ್ಮೂರು ಸುರಪುರದಿಂದ ಕೆಂಭಾವಿಗೆ ಹೋಗುವ ದಾರಿಯಲ್ಲಿದೆ. ಊರಿನ ಬೆನ್ನಿಗೆ ಬಂಡೆಗಲ್ಲಿನ ಗುಡ್ಡ, ಗುಡ್ಡದ ಬುಡಕ್ಕೆ ಗಾಯರಾಣ, ಅಂದರೆ ಊರ ದನಕರು ಆಡು ಮೇಯುವ ಜಾಗ. ಹೊರಗಿನವರಿಗೆ ಅಲ್ಲಿ ಏನೂ ಕಾಣುವುದಿಲ್ಲ. ಆದರೆ ಹೊಲವಿಲ್ಲದವರ ಒಲೆ ಉರಿಯುತ್ತಿದ್ದದ್ದು ಅಲ್ಲಿನ ಜಾಲಿಯ ಕಟ್ಟಿಗೆಯಿಂದ. ಮಳೆಗಾಲ ಮುಗಿಯುವ ಹೊತ್ತಿಗೆ ಗುಡ್ಡದ ತುಂಬ ಸೀತಾಫಲ. ಹೆಂಗಸರು ಬುಟ್ಟಿ ಹೊತ್ತು ಕೆಂಭಾವಿ ಸಂತೆಗೆ ಹೋಗುತ್ತಿದ್ದರು.

ಓದು ಮುಗಿಸಿ ಮನೆಯಲ್ಲಿ ಕೂತಿದ್ದ ನನಗೆ ಒಂದು ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಸುರಪುರದಲ್ಲಿ ಎರಡು ಕೋಣೆಯ ಆಫೀಸು, ಕೊರಳಿಗೆ ಗುರುತಿನ ಚೀಟಿ. ದೂರದ ದೇಶಗಳ ಕಂಪನಿಗಳು ತಾವು ಬಿಟ್ಟ ಹೊಗೆಗೆ ಪ್ರಾಯಶ್ಚಿತ್ತವೆಂಬಂತೆ ನಮ್ಮ ಕಡೆ ಗಿಡ ನೆಡಲು ಹಣ ಕೊಡುತ್ತವೆ, ಗಿಡ ಎಷ್ಟು ಹೊಗೆ ಹೀರಿತೋ ಅಷ್ಟರ ಲೆಕ್ಕ ಆ ಕಂಪನಿಗಳ ಹೆಸರಿಗೆ ಹೋಗುತ್ತದೆ. ಊರೂರಿಗೆ ಹೋಗಿ ಇದನ್ನು ಜನರಿಗೆ ತಿಳಿಸಿ ಹೇಳುವುದು, ಗ್ರಾಮಸಭೆಯಲ್ಲಿ ಒಪ್ಪಿಗೆ ಪಡೆಯುವುದು ನನ್ನ ಕೆಲಸ. ನಾನು ಅದನ್ನು ಮನಸಾರೆ ನಂಬಿದ್ದೆ. ಬೇಸಿಗೆಯಲ್ಲಿ ಕಾದ ಹಂಚಿನಂತಾಗುವ ನಮ್ಮ ಗುಡ್ಡದ ಮೇಲೆ ನೆರಳು ಬರುವುದಾದರೆ ಯಾರಿಗೆ ಬೇಡ?

ನಮ್ಮೂರ ಸರದಿ ಬಂದಾಗ ಕರಾರಿನ ಕಾಗದ ನನ್ನ ಕೈಗೆ ಬಂತು. ಇಂಗ್ಲಿಷಿನಲ್ಲಿ ಇಪ್ಪತ್ತೆರಡು ಪುಟ. ಅದರ ಸಾರಾಂಶವೆಂದು ಕನ್ನಡದಲ್ಲಿ ಅರ್ಧ ಪುಟ. ನಾನು ಇಪ್ಪತ್ತೆರಡನ್ನೂ ಓದಿದೆ. ಹದಿನೇಳನೆಯ ಪುಟದಲ್ಲಿ ನಿಂತೆ. ನಲವತ್ತು ವರ್ಷ ಈ ಗುಡ್ಡ, ಗಾಯರಾಣದಲ್ಲಿ ಊರಿನ ಯಾರೂ ದನ ಆಡು ಮೇಯಿಸಕೂಡದು, ಕಟ್ಟಿಗೆ ಹಣ್ಣು ಏನನ್ನೂ ಒಯ್ಯಕೂಡದು. ಗಿಡ ಹೀರಿದ ಹೊಗೆಯ ಲೆಕ್ಕದ ಮೇಲಿನ ಹಕ್ಕನ್ನು ಸಂಸ್ಥೆ ಯಾರಿಗೆ ಬೇಕಾದರೂ ಮಾರಬಹುದು, ಊರನ್ನು ಕೇಳಬೇಕಾಗಿಲ್ಲ. ಖರ್ಚೆಲ್ಲ ಕಳೆದು ಏನಾದರೂ ಉಳಿದರೆ ಊರಿಗೆ ಪಾಲು.

ಬೆಂಗಳೂರಿನಿಂದ ಬಂದಿದ್ದ ನಮ್ಮ ಸಾಹೇಬರಿಗೆ ತೋರಿಸಿದೆ. ಅವರು ಒಳ್ಳೆಯ ಮನುಷ್ಯರೇ, ನನ್ನನ್ನು ಒಂದು ಸಲವೂ ಗದರಿದವರಲ್ಲ. ನಗುತ್ತಲೇ ಹೇಳಿದರು: "ಇದನ್ನೆಲ್ಲ ಹೇಳಿದ್ರೆ ಜನ ಗಾಬರಿ ಆಗ್ತಾರೆ. ಎಲ್ಲಾ ಊರಲ್ಲೂ ಇದೇ ಕಾಗದ. ನೀವು ಸಾರಾಂಶ ಓದಿ, ಸಾಕು."

ಸಭೆ ಶಾಲೆಯ ಮುಂದೆ ಸೇರಿತ್ತು. ನಾನು ಅರ್ಧ ಪುಟ ಓದಿದೆ. ನೆರಳು ಬರುತ್ತದೆ, ಕೂಲಿ ಸಿಗುತ್ತದೆ, ಊರಿಗೆ ಪಾಲು ಬರುತ್ತದೆ. ಆಡು ಮೇಯಿಸುವ ಒಬ್ಬ ಮುದುಕಿ ಮುಂದೆಯೇ ಕೂತಿದ್ದಳು. ಊರೆಲ್ಲ ಆಕೆಯನ್ನು ಆಯಿ ಎನ್ನುತ್ತಿತ್ತು. ಆಕೆ ಕೇಳಿದಳು: "ಹೊಗಿ ಬಿಡೋರು ಅವರು, ಗುಡ್ಡ ಕೊಡೋರು ನಾವು? ಅವರೂರಾಗ ಗುಡ್ಡ ಇಲ್ಲೇನವ್ವಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಕ್ಕೋರು ನಗಲಿಲ್ಲ. ಎದ್ದು ಬಂದು ನನ್ನ ಕೈಯಲ್ಲಿದ್ದ ಕಾಗದದ ಕಟ್ಟನ್ನು ಬೆರಳಿನಿಂದ ಎಣಿಸಿದರು.

"ಇಷ್ಟು ದಪ್ಪ ಕಾಗದದಾಗ ಇಷ್ಟ ಬರದಾರೇನು?"

"ಇಷ್ಟ ರೀ ಅಕ್ಕೋರ," ಅಂದೆ.

ಅವರು ನನ್ನ ಮುಖ ನೋಡಿದರು. ಒಂದೇ ಗಳಿಗೆ. ಆಮೇಲೆ ಹೆಂಗಸರ ಕಡೆ ತಿರುಗಿ ಹೇಳಿದರು: "ಹಾಕ್ರವ್ವಾ ಸಹಿ. ನಮ್ಮ ಹುಡುಗಿ ಓದ್ಯಾಳ."

ಒಬ್ಬೊಬ್ಬರೇ ಬಂದು ಸಹಿ ಹಾಕಿದರು. ಅಕ್ಷರ ದೊಡ್ಡದಾಗಿ, ಸೊಟ್ಟಗೆ, ಹೆಮ್ಮೆಯಿಂದ. ನಮ್ಮವ್ವನೂ ಹಾಕಿದಳು. ಕಣ್ಣು ಮಂಜಾಗಿದ್ದ ಆಯಿಗೆ ಮಾತ್ರ ಅಕ್ಷರ ಒಲಿದಿರಲಿಲ್ಲ. ಅಕ್ಕೋರೇ ಆಕೆಯ ಹೆಬ್ಬೆರಳು ಹಿಡಿದು ಶಾಯಿಗೆ ಅದ್ದಿ ಕಾಗದಕ್ಕೆ ಒತ್ತಿದರು. ಒತ್ತಿದ ಮೇಲೆ ತಮ್ಮ ಸೆರಗಿನಿಂದ ಆ ಬೆರಳನ್ನು ಒರೆಸಿದರು.

ಮಳೆಗಾಲದಲ್ಲಿ ಗಿಡ ನೆಟ್ಟರು. ಸುತ್ತ ಮುಳ್ಳುತಂತಿ ಬಂತು, ದೊಡ್ಡ ಬೋರ್ಡು ಬಂತು, ಇಬ್ಬರು ಕಾವಲುಗಾರರು ಬಂದರು. ಮುಂದಿನ ಬೇಸಿಗೆಗೆ ನೀರು ಹಾಕುವವರಿಲ್ಲದೆ ಗಿಡಗಳಲ್ಲಿ ಬಹಳಷ್ಟು ಒಣಗಿದವು. ತಂತಿ ಒಣಗಲಿಲ್ಲ. ಆಡುಗಳನ್ನು ಒಂದೊಂದಾಗಿ ಮಾರಿದರು. ಸೀತಾಫಲ ಗುಡ್ಡದ ಮೇಲೇ ಹಣ್ಣಾಗಿ ಕೊಳೆಯಿತು. ಒಂದು ದಿನ ತಂತಿಯೊಳಗೆ ಕಟ್ಟಿಗೆ ಆಯುತ್ತಿದ್ದ ಆಯಿಯನ್ನು ಕಾವಲುಗಾರರು ಹಿಡಿದು, ಕುಡಗೋಲು ಕಸಿದುಕೊಂಡು, ಮಧ್ಯಾಹ್ನದ ತನಕ ಬಿಸಿಲಲ್ಲಿ ಕೂಡಿಸಿದರು. "ನಿನ್ನ ಹೆಬ್ಬೆಟ್ಟು ಐತಿ ಕರಾರದಾಗ," ಅಂದರಂತೆ.

ಊರು ಯಾರ ಮೇಲೆ ಸಿಟ್ಟಾಗಬೇಕು? ಸಾಹೇಬರು ಸಿಗುತ್ತಿರಲಿಲ್ಲ. ನಾನು ಸುರಪುರದಲ್ಲಿದ್ದೆ. ಕಣ್ಣೆದುರಿಗಿದ್ದವರು ಅಕ್ಕೋರು. "ಅವರು ಹಾಕ್ರಿ ಅಂದ್ರು, ಹಾಕಿದ್ವಿ," ಎಂದು ಶುರುವಾದ ಮಾತು "ಅವರಿಗೆ ಎಷ್ಟು ಮುಟ್ಟೈತೋ ಏನೋ" ಎಂಬಲ್ಲಿಗೆ ಬಂತು. ಸಂಜೆ ಪಡಸಾಲೆಗೆ ಬರುವ ಹೆಂಗಸರು ಕಡಿಮೆಯಾದರು. ಕೊನೆಗೆ ಒಬ್ಬರೂ ಬರಲಿಲ್ಲ. ಅವರು ದಿನವೂ ಹೋಗಿ, ಕಸ ಹೊಡೆದು, ಚಾಪೆ ಹಾಸಿ, ಕತ್ತಲಾಗುವ ತನಕ ಕೂತು ಬರುತ್ತಿದ್ದರೆಂದು ಅವ್ವ ಹೇಳಿದಳು. ನಾನು ಮಾತು ಬದಲಿಸಿದೆ.

ಆದರೆ ಅಕ್ಕೋರು ಬರೀ ಕೂತಿರಲಿಲ್ಲ. ಕರಾರಿನ ಪ್ರತಿ ಬೇಕೆಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದರು. ಛತ್ರಿ ಹಿಡಿದು ಸುರಪುರಕ್ಕೆ, ಶಹಾಪುರಕ್ಕೆ, ಯಾದಗಿರಿಗೆ ಬಸ್ಸಿನಲ್ಲಿ ತಿರುಗಿದರು. ಈ ಟೇಬಲ್ಲಿನವರು ಆ ಟೇಬಲ್ಲಿಗೆ ಕಳಿಸಿದರು. ತಿಂಗಳುಗಟ್ಟಲೆ ಆದಮೇಲೆ ಪ್ರತಿ ಸಿಕ್ಕಿತು. ಡಿಕ್ಷನರಿ ಇಟ್ಟುಕೊಂಡು ಓದಿದರು. ತಿಳಿಯದ ಶಬ್ದಗಳ ಪಟ್ಟಿ ಮಾಡಿಕೊಂಡು ಭೀಮರಾಯನಗುಡಿಯಲ್ಲಿದ್ದ ಪರಿಚಯದ ಮಾಸ್ತರರೊಬ್ಬರ ಹತ್ತಿರ ಹೋಗಿ ಅರ್ಥ ಕೇಳಿ ಬರೆದುಕೊಂಡು ಬಂದರು.

ಆಮೇಲೆ ನನ್ನ ಹತ್ತಿರ ಬಂದರು.

ಮಧ್ಯಾಹ್ನ. ಆಫೀಸಿನಲ್ಲಿ ನಾನೊಬ್ಬಳೇ. ನೀರು ಕೊಟ್ಟೆ, ಕುಡಿಯಲಿಲ್ಲ. ಚೀಲದಿಂದ ಹದಿನೇಳನೆಯ ಪುಟ ತೆಗೆದು ನನ್ನ ಮುಂದಿಟ್ಟರು.

"ಇದು ನಿನಗ ಗೊತ್ತಿತ್ತೇನು?"

ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ. "ಗೊತ್ತಿತ್ರೀ," ಅಂದೆ.

ಅವರು ಪುಟದ ಮೇಲೆ ಬೆರಳಿಟ್ಟರು.

"ಓದಾಕ ನಾ ಕಲಿಸಿದೆ," ಅಂದರು. "ಬಿಟ್ಟು ಓದಾಕ ಯಾರು ಕಲಿಸಿದ್ರು ನಿನಗ?"

ನಾನು ಅತ್ತೆ. ಅವರು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಅಳು ನಿಲ್ಲುವ ತನಕ ಕಾದು ಹೇಳಿದರು: "ಸೋಮವಾರ ಗ್ರಾಮಸಭಿ ಐತಿ. ನೀ ಬಂದು ಈ ಪುಟ ಓದು. ನಾ ಓದಿದ್ರ ಸುಳ್ಳು ಅಂತಾರ. ನೀ ಓದಿದ್ರ ನಂಬ್ತಾರ. ಪೂರಾ ತಿಳೀಲಾರದ ಸಹಿ ಮಾಡೀವಿ ಅಂತ ಠರಾವು ಬರಸೋಣು. ಒಂದು ದಾರಿ ಆಗ್ತದ. ಬರ್ತೀಯೇನವ್ವಾ?"

"ಬರ್ತೀನ್ರೀ."

ಬಾಗಿಲಲ್ಲಿ ನಿಂತು ಚಪ್ಪಲಿ ಮೆಟ್ಟುವಾಗ ಮತ್ತೊಮ್ಮೆ ತಿರುಗಿ ನೋಡಿದರು. "ನಾ ಹಾದಿ ನೋಡ್ತಿರ್ತೀನಿ," ಅಂದರು.

ಭಾನುವಾರ ಸಾಹೇಬರ ಫೋನು ಬಂತು. ಸಭೆಯ ವಿಷಯ ಅವರಿಗೆ ಹೇಗೋ ತಿಳಿದಿತ್ತು. ಆಗಲೂ ಗದರಲಿಲ್ಲ. "ನಾಳೆ ನೀವು ಕೆಂಭಾವಿ ಕಡೆ ಸರ್ವೆಗೆ ಹೋಗಿ. ಮುಂದಿನ ತಿಂಗಳು ನಿಮ್ಮ ಕೆಲಸ ಪರ್ಮನೆಂಟ್ ಮಾಡ್ಬೇಕು ಅಂತ ಬರ್ದಿದ್ದೀನಿ," ಅಂದರು. ಅಷ್ಟೇ. ನನ್ನನ್ನು ಕೊಳ್ಳಲು ಅದಕ್ಕಿಂತ ಹೆಚ್ಚು ಬೇಕಾಗಿರಲಿಲ್ಲ.

ಸೋಮವಾರ ಕೆಂಭಾವಿ ಬಸ್ಸು ಹತ್ತಿದೆ. ಆ ಬಸ್ಸು ನಮ್ಮೂರ ಮೇಲೇ ಹೋಗಬೇಕು. ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ, ಊರು ಬಂದಾಗ ಇಳಿದುಬಿಡೋಣ, ಇಳಿದುಬಿಡೋಣ ಎಂದು. ಬಸ್ಸು ನಿಂತಿತು. ಶಾಲೆಯ ಮುಂದೆ ಜನ ಸೇರಿದ್ದರು. ಜನರ ಕಡೆ ಬೆನ್ನು ಮಾಡಿ, ರಸ್ತೆಯ ಕಡೆ ಮುಖ ಮಾಡಿ, ಛತ್ರಿ ಊರಿಕೊಂಡು ಅಕ್ಕೋರು ನಿಂತಿದ್ದರು. ಇಳಿಯುವವರೆಲ್ಲ ಇಳಿದರು. ಅವರ ಕಣ್ಣು ಒಬ್ಬೊಬ್ಬರ ಮುಖವನ್ನೂ ಹುಡುಕುತ್ತಿತ್ತು. ನಾನು ಕಿಟಕಿಯ ಕೆಳಗೆ ತಲೆ ಬಗ್ಗಿಸಿದೆ, ಏನೋ ಬಿದ್ದದ್ದನ್ನು ಹುಡುಕುವವಳ ಹಾಗೆ. ಕಂಡಕ್ಟರ್ ಸೀಟಿ ಊದಿದ.

ಮುಂದಿನದನ್ನು ನನಗೆ ಹೇಳಿದ್ದು ಆಯಿ. ಅಕ್ಕೋರು ಮುಂದಿನ ಬಸ್ಸಿಗೂ ಕಾದರಂತೆ. ಜನ ಏಳತೊಡಗಿದಾಗ ತಾವೇ ನಿಂತು ಹದಿನೇಳನೆಯ ಪುಟ ಓದಿದರಂತೆ. ಒಂದು ಸಾಲು ಇಂಗ್ಲಿಷು, ಆಮೇಲೆ ಅದರ ಕನ್ನಡ. ಇಂಗ್ಲಿಷು ಓದುವಾಗ ನಾಲಿಗೆ ತಡವರಿಸಿತಂತೆ, ಕೆಲವರು ನಕ್ಕರಂತೆ. "ಅವತ್ತ ಯಾಕ ಹೇಳಲಿಲ್ಲ? ಎಷ್ಟು ತಗೊಂಡೀರಿ?" ಎಂದು ಹಿಂದಿನಿಂದ ಯಾರೋ ಕೂಗಿದರಂತೆ. ಅವರು ಓದು ನಿಲ್ಲಿಸಲಿಲ್ಲ.

"ಕಡೀಕ ಒಂದು ಮಾತು ಅಂದ್ರವ್ವಾ," ಎಂದಳು ಆಯಿ. "ಓದಿದ ಹುಡುಗೀದು ತಪ್ಪಿಲ್ಲ, ಪೂರಾ ಕೇಳದ ಹಾಕ್ರಿ ಅಂದಾಕಿ ನಾನು, ತಪ್ಪು ನಂದು ಅಂದ್ರು. ನೀ ಆವತ್ತ ಯಾಕ ಬರಲಿಲ್ಲ?"

ಠರಾವು ಆಗಲಿಲ್ಲ.

ಆ ಬೇಸಿಗೆಯಲ್ಲಿ ಅವರು ತಮ್ಮ ಮನೆಯ ರಸ್ತೆ ಕಡೆಯ ಗೋಡೆಗೆ ಸುಣ್ಣ ಬಳಿದು, ನೀಲಿ ಬಣ್ಣದಲ್ಲಿ ಇಡೀ ಕರಾರನ್ನು ಕನ್ನಡದಲ್ಲಿ ಬರೆಯತೊಡಗಿದರು. ತಾವು ಸಹಿ ಕಲಿಸಿದ ಹೆಂಗಸರು ನೀರಿಗೆ ಹೋಗುವಾಗ ಅಕ್ಷರ ಕೂಡಿಸಿಕೊಂಡು ಓದಲಿ ಎಂದು ದೊಡ್ಡ ಅಕ್ಷರಗಳಲ್ಲಿ, ಒಂದನೇ ಪುಟದಿಂದ, ಏನನ್ನೂ ಬಿಡದೆ. ಬೆಳಿಗ್ಗೆ ಸ್ವಲ್ಪ, ಇಳಿಹೊತ್ತು ಸ್ವಲ್ಪ. ಕೆಲವರು ನಿಂತು ಓದಿದರು. ಕೆಲವರು ಅಕ್ಕೋರಿಗೆ ತಲೆ ಕೆಟ್ಟೈತಿ ಅಂದರು. ಆರನೇ ಪುಟದ ನಡುವಿನಲ್ಲಿದ್ದಾಗ ಒಂದು ದಿನ ಬಿಸಿಲು ತಾಗಿ ಏಣಿಯ ಬುಡದಲ್ಲೇ ಕುಸಿದರು. ಶಹಾಪುರದ ಆಸ್ಪತ್ರೆಗೆ ಒಯ್ದರು. ನಾಲ್ಕು ದಿನ ಇದ್ದರು. ಸುರಪುರದಿಂದ ಶಹಾಪುರ ಎಷ್ಟು ದೂರ? ನಾಲ್ಕೂ ದಿನ ನಾನು ಬಸ್‌ಸ್ಟ್ಯಾಂಡಿನ ತನಕ ಹೋಗಿ ತಿರುಗಿ ಬಂದೆ. ಯಾವ ಮುಖ ತೋರಿಸಲಿ ಎಂದು... ಈಗ ಅನಿಸುತ್ತದೆ, ಅವರಿಗೆ ಬೇಕಾಗಿದ್ದದ್ದು ಯಾವ ಮುಖವಾದರೂ ಸರಿ, ಒಂದು ಮುಖ.

ಐದನೆಯ ದಿನ ಅವರು ತೀರಿಕೊಂಡರು. ಮಣ್ಣಿಗೆ ಹೋದೆ. ದೂರ ನಿಂತೆ.

ಕೆಲಸ ಪರ್ಮನೆಂಟ್ ಆಯಿತು. ವರ್ಷ ತುಂಬುವುದರೊಳಗೆ ಬಿಟ್ಟೆ. ಬಿಟ್ಟಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಆ ಸಂಸ್ಥೆ ನಮ್ಮ ಗುಡ್ಡದ ಹಕ್ಕನ್ನು ಇನ್ಯಾರಿಗೋ ಮಾರಿದೆಯಂತೆ. ಯಾರಿಗೆ ಎಂದು ಕೇಳಿ ನಾನು ಹಾಕಿದ ಅರ್ಜಿಗಳಿಗೆ ಬಂದ ಉತ್ತರ ಒಂದೇ: ಮಾಹಿತಿ ಲಭ್ಯವಿಲ್ಲ. ಅಕ್ಕೋರ ಮನೆಯಲ್ಲಿ ಈಗ ಬೇರೆಯವರು ಬಾಡಿಗೆಗಿದ್ದಾರೆ. ಗೋಡೆಗೆ ಹಸಿರು ಬಣ್ಣ ಹೊಡೆದಿದ್ದಾರೆ.

ಬ್ಯಾಂಕಿನಿಂದ ಹಾಗೇ ಬಂದ ಎರಡು ದಿನಕ್ಕೆ ನಮ್ಮೂರಲ್ಲಿ ಗ್ರಾಮಸಭೆಯಿತ್ತು. ಹೋದೆ. ನಿಂತು ಇಪ್ಪತ್ತೆರಡು ಪುಟವನ್ನೂ ಕನ್ನಡದಲ್ಲಿ ಓದಿದೆ. ಸಹಿ ಹಾಕಿಸಿದ ದಿನ ನನಗೆ ಎಲ್ಲ ಗೊತ್ತಿತ್ತು, ಅಕ್ಕೋರಿಗೆ ಗೊತ್ತಿರಲಿಲ್ಲ ಎಂದೂ ಹೇಳಿದೆ. ಹದಿನೈದಿಪ್ಪತ್ತು ಜನ ಇದ್ದರು. ಅರ್ಧದಲ್ಲಿ ಕೆಲವರು ಎದ್ದು ಹೋದರು. ಆಯಿ ಇರಲಿಲ್ಲ, ಆಕೆ ತೀರಿ ಎರಡು ವರ್ಷವಾಗಿದೆ. ನಮ್ಮವ್ವ ಕೂತಿದ್ದಳು, ತಲೆ ಎತ್ತಲಿಲ್ಲ. ಸಭೆಯ ನಡಾವಳಿ ಬರೆದುಕೊಳ್ಳುತ್ತಿದ್ದ ಪಂಚಾಯಿತಿಯವರು ಪೆನ್ನು ಮುಚ್ಚಿ, ಮುಂದಿನ ವಿಷಯ ಬೀದಿದೀಪ ಅಂದರು.

ಸಭೆ ಮುಗಿದ ಮೇಲೆ ಆಯಿಯ ಸೊಸೆ ನನ್ನ ಹತ್ತಿರ ಬಂದಳು. ಸಿಟ್ಟಿರಲಿಲ್ಲ ಅವಳ ದನಿಯಲ್ಲಿ.

"ಇದನ್ನ ಅಕ್ಕೋರು ಇದ್ದಾಗ ಹೇಳಬೇಕಿತ್ತವ್ವಾ," ಅಂದಳು.

ನಾನು ಹೌದು ಅಂದೆ.